ಸೀಟು ಸಿಕ್ಕಿತು, ಮಂಚ ಸಿಗಲಿಲ್ಲ

ಪಿ.ಯು.ಸಿ. ಮುಗಿಸಿದ ಹಳ್ಳಿಯ ಹುಡುಗನಿಗೆ ಬೆಂಗಳೂರಿನ ಕಾಲೇಜಿನಲ್ಲಿ ಸೀಟು ದೊರೆಯಿತೆಂದರೆ ಮನೆಯಲ್ಲಿ ಎರಡು ದಿನ ಹಬ್ಬ. ಮೂರನೆಯ ದಿನ ತಂದೆ ಕೇಳುತ್ತಾನೆ: "ಫೀಜು ಹೆಂಗೋ ಕಟ್ಟಾಣ, ಇರೋದೆಲ್ಲಪ್ಪಾ?" ಈ ಪ್ರಶ್ನೆಗೆ ಕಾಲೇಜಿನ ಕೈಪಿಡಿಯಲ್ಲಿ ಉತ್ತರವಿಲ್ಲ. ಸರ್ಕಾರದ ಬಳಿ ಇರುವುದು ಅರ್ಧ ಉತ್ತರ. ಉಳಿದರ್ಧವನ್ನು ಬೆಂಗಳೂರಿನ ಕಟ್ಟಡದ ಮಾಲೀಕ ಕೊಡುತ್ತಾನೆ, ಅದೂ ಮುಂಗಡವಾಗಿ ದುಡ್ಡು ಎಣಿಸಿಕೊಂಡ ಮೇಲೆ.

ನಮ್ಮಂಥ ಜಿಲ್ಲೆಗಳ ಮಕ್ಕಳು ಹೋಗಿ ಸೇರುವ ಬಡಾವಣೆಗಳಲ್ಲಿ ಹನುಮಂತನಗರ ಒಂದು. ರಾಮಾಂಜನೇಯ ಗುಡ್ಡದ ಸುತ್ತ, ಗವಿಪುರಕ್ಕೂ ಶ್ರೀನಗರಕ್ಕೂ ನಡುವೆ ಹಬ್ಬಿರುವ ಊರು ಅದು. ಬಿ.ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಸ್ಥಾಪಿಸಿದ ಎಂಜಿನಿಯರಿಂಗ್ ಕಾಲೇಜು ಬುಲ್ ಟೆಂಪಲ್ ರಸ್ತೆಯಲ್ಲಿದೆ. ಬಸವನಗುಡಿಯ ನ್ಯಾಷನಲ್ ಕಾಲೇಜು ನಡೆದು ಹೋಗುವಷ್ಟು ದೂರ. 50 ಅಡಿ ರಸ್ತೆಯಲ್ಲಿ 1972ರಲ್ಲಿ ಹುಟ್ಟಿದ ಪಿ.ಇ.ಎಸ್. ಸಂಸ್ಥೆಯ ಕಾಲೇಜುಗಳಿವೆ. ಗುಮಾಸ್ತರು, ಮೇಷ್ಟರು, ಸಣ್ಣ ವ್ಯಾಪಾರಿಗಳು ಕಟ್ಟಿಸಿದ, ಅಂಗಳದಲ್ಲಿ ತೆಂಗಿನ ಮರವಿದ್ದ ಮನೆಗಳನ್ನು ಕೆಡವಿ ಅದೇ ನಿವೇಶನದಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ ಬಾಗಿಲಿಗೆ 'ಪಿ.ಜಿ.' ಎಂದು ಹಲಗೆ ತಗುಲಿಸಿದ್ದಾರೆ. ಪೇಯಿಂಗ್ ಗೆಸ್ಟ್ ಎಂದರೆ ಹಣ ಕೊಡುವ ಅತಿಥಿಯಂತೆ! ಅತಿಥಿ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಬೇರೆ ಅರ್ಥವಿತ್ತು.

ಈ ಅತಿಥಿಯ ದಿನಚರಿಯನ್ನು ವಾಚಕರು ಸ್ವಲ್ಪ ತಿಳಿಯಬೇಕು. ಒಂದು ಕೋಣೆಗೆ ಮೂರು ಮಂಚ, ಕೆಲವೆಡೆ ನಾಲ್ಕು. ಮಂಚದ ಕೆಳಗೆ ಟ್ರಂಕು, ಗೋಡೆಯ ಮೊಳೆಗೆ ಅಂಗಿ. ಬಿಸಿನೀರು ಇಂತಿಷ್ಟು ಹೊತ್ತಿಗೆ ಬಂದು ಇಂತಿಷ್ಟು ಹೊತ್ತಿಗೆ ನಿಲ್ಲುತ್ತದೆ. ಆದುದರಿಂದ ಬೆಳಗ್ಗೆ ಐದೂವರೆಗೇ ಸ್ನಾನದ ಮನೆಯ ಮುಂದೆ ಬಕೆಟ್ಟುಗಳ ಸಾಲು. ತಿಂಡಿಗೆ ಇವತ್ತು ಚಿತ್ರಾನ್ನ, ನಾಳೆ ಪುಳಿಯೋಗರೆ, ನಾಡಿದ್ದು ಮತ್ತೆ ಚಿತ್ರಾನ್ನ. ಮಧ್ಯಾಹ್ನಕ್ಕೆ ಅದನ್ನೇ ಡಬ್ಬಿಗೆ ತುಂಬಿಕೊಂಡು ಹೋಗಬೇಕು. ರಾತ್ರಿ ಅನ್ನ, ನೀರುಸಾರು. ರಾಯಚೂರು, ಕಲಬುರಗಿ ಕಡೆಯ ಹುಡುಗನಿಗೆ ಜೋಳದ ರೊಟ್ಟಿ ಕನಸಿನ ಮಾತು. ಕೋಲಾರದ ಹುಡುಗನಿಗೆ ಮುದ್ದೆ ಕಾಣುವುದು ರಜೆಗೆ ಊರಿಗೆ ಹೋದಾಗ. ಮೂರು ಹೊತ್ತು ಅಕ್ಕಿಯನ್ನೇ ತಿಂದು ಹೊಟ್ಟೆ ಕೆಡಿಸಿಕೊಂಡ ಮಕ್ಕಳ ವಿಷಯವನ್ನು ತಾಯಂದಿರು ನಮ್ಮಲ್ಲಿ ಹೇಳಿಕೊಳ್ಳುತ್ತಾರೆ. ಇದು ನಾಲಿಗೆಯ ಚಪಲವಲ್ಲ. ಹದಿನೆಂಟು ವರ್ಷದ ದೇಹ ತನಗೆ ರೂಢಿಯಾದ ಧಾನ್ಯವನ್ನು ಕೇಳುತ್ತದೆ, ಅಷ್ಟೆ.

ಓದುವುದು ಎಲ್ಲಿ? ಮಂಚದ ಮೇಲೆ. ಮೇಜು ಇಡಲು ಜಾಗವಿಲ್ಲ. ಪಕ್ಕದವನು ರಾತ್ರಿ ಪಾಳಿಯ ಕೆಲಸ ಮುಗಿಸಿ ಹಗಲು ಮಲಗುವವನಾದರೆ ದೀಪ ಹಾಕುವಂತಿಲ್ಲ, ಗಟ್ಟಿಯಾಗಿ ಮಾತನಾಡುವಂತಿಲ್ಲ. ಪರೀಕ್ಷೆಯ ಕಾಲದಲ್ಲಿ ಹುಡುಗರು ಟೆರೇಸಿನ ನೀರಿನ ಟ್ಯಾಂಕಿನ ಪಕ್ಕದಲ್ಲಿ, ಮೆಟ್ಟಿಲಿನ ಮೇಲೆ, ಗುಡ್ಡದ ಕಲ್ಲಿನ ಮೇಲೆ ಪುಸ್ತಕ ಹಿಡಿದು ಕೂರುತ್ತಾರೆ. ಹೀಗಿದ್ದೂ ಅವರು ತೇರ್ಗಡೆಯಾಗುತ್ತಾರೆ ಎಂಬುದು ಅವರ ಛಲಕ್ಕೆ ಸಾಕ್ಷಿಯೇ ಹೊರತು ವ್ಯವಸ್ಥೆಗೆ ಸಿಕ್ಕ ಪ್ರಶಸ್ತಿಯಲ್ಲ.

ಈಗ ಲೆಕ್ಕ. ಊಟ ಸೇರಿ ಒಂದು ಮಂಚಕ್ಕೆ ತಿಂಗಳಿಗೆ 7,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇದು ದುಬಾರಿ ಜಾಗದ ದರವಲ್ಲ, ಸಾಧಾರಣದ್ದು. 2024-25ರಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಕರ್ನಾಟಕದಲ್ಲಿದ್ದ ದಿನಗೂಲಿ 349 ರೂಪಾಯಿ. ಕಾಯಿದೆ ಭರವಸೆ ಕೊಟ್ಟಿದ್ದ ನೂರು ದಿನಗಳ ಕೆಲಸವೂ ಒಂದು ಕುಟುಂಬಕ್ಕೆ ಪೂರ್ತಿ ಸಿಕ್ಕಿತೆಂದೇ ಹಿಡಿಯಿರಿ, ಆಗ ಕೈಗೆ ಬರುವುದು 34,900. ಐದು ತಿಂಗಳ ಮಂಚದ ಬಾಡಿಗೆ 35,000. ಮನೆಯವರೆಲ್ಲ ಬಿಸಿಲಲ್ಲಿ ಮಣ್ಣು ಹೊತ್ತು ಗಳಿಸಿದ ವರ್ಷದ ಕೂಲಿ ಮಗನ ಐದು ತಿಂಗಳ ವಾಸಕ್ಕೆ ನೂರು ರೂಪಾಯಿ ಸಾಲದೆ ಬರುತ್ತದೆ. ಇನ್ನು ಪುಸ್ತಕ, ಬಸ್ ಪಾಸು, ಜ್ವರ ಬಂದರೆ ಮಾತ್ರೆ ಇವೆಲ್ಲ ಬೇರೆ. ಕೋಣೆ ಬಿಡುವಾಗ ಮುಂಗಡದಿಂದ ಒಂದು ತಿಂಗಳದ್ದನ್ನು 'ಮೇಂಟೆನೆನ್ಸ್' ಎಂದು ಮುರಿದುಕೊಳ್ಳುವ ಪದ್ಧತಿಯೂ ಉಂಟು. ಸುಣ್ಣ ಬಳಿಸಿದ್ದು ಕಂಡವರಿಲ್ಲ.

ಸರ್ಕಾರಿ ಹಾಸ್ಟೆಲುಗಳಿಲ್ಲವೆ ಎಂದು ಕೇಳುವಿರಿ. ಇವೆ, ಅವುಗಳಿಂದ ಲಕ್ಷಾಂತರ ಬಡ ಮಕ್ಕಳು ಮೇಲೆ ಬಂದಿದ್ದಾರೆ. 1972ರಲ್ಲಿ ಅಧಿಕಾರಕ್ಕೆ ಬಂದ ದೇವರಾಜ ಅರಸರು ಹಾವನೂರ ಆಯೋಗವನ್ನು ನೇಮಿಸಿ, ಹಿಂದುಳಿದವರ ಹಾಸ್ಟೆಲುಗಳನ್ನು ವಿಸ್ತರಿಸಿದ್ದು ಈ ನಾಡಿನ ದೊಡ್ಡ ಕೆಲಸಗಳಲ್ಲಿ ಒಂದೆಂದು ಅರಸರ ವಿರೋಧಿಗಳೂ ಒಪ್ಪಬೇಕು. ಆದರೆ ಅರ್ಜಿ ಹಾಕಿದವರಿಗೆಲ್ಲ ಅಲ್ಲಿ ಸ್ಥಳವಿಲ್ಲ. ಇದು ನಮ್ಮ ಆರೋಪವಲ್ಲ, ಸರ್ಕಾರವೇ ಒಪ್ಪಿದ ಸಂಗತಿ. ಹಾಸ್ಟೆಲಿನಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದೇ 2013ರಲ್ಲಿ 'ವಿದ್ಯಾಸಿರಿ' ಯೋಜನೆ ಬಂತು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000. ಏನೂ ಇಲ್ಲದಿದ್ದ ಕಡೆ ಇದು ಬಂದದ್ದು ಒಳ್ಳೆಯದೇ. ಆದರೆ 1,500 ರೂಪಾಯಿಗೆ ಹನುಮಂತನಗರದಲ್ಲಿ ಮಂಚದ ಒಂದು ಕಾಲು ಸಿಕ್ಕೀತು. ಉಳಿದ ಮೂರು ಕಾಲನ್ನು ಯಾರು ಹೊರಬೇಕು? ಹಣ ತಿಂಗಳ ತಿಂಗಳ ಬಂದರೆ ಮಾತ್ರ ಬಾಡಿಗೆಗೆ ಆದೀತು. ವರ್ಷದ ಕೊನೆಗೆ ಒಟ್ಟಾಗಿ ಬಂದರೆ ಅದು ಸಾಲದ ಬಡ್ಡಿಗೆ ಸರಿಹೋಗುತ್ತದೆ.

ಹಿಂದೆ ಈ ಊರಿಗೆ ಓದಲು ಬಂದವರು ಹೇಗೆ ಬದುಕಿದರು? ಬ್ರಾಹ್ಮಣರ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ. ಉಣ್ಣಿಸಿದವರಲ್ಲಿ ದೊಡ್ಡ ಮನಸ್ಸಿನವರಿದ್ದರು, ಎಲೆಯ ಮುಂದೆ ಹುಡುಗನನ್ನು ಕಾಯಿಸಿದವರೂ ಇದ್ದರು. ಮಿಕ್ಕ ಜಾತಿಯ ಹುಡುಗರಿಗೆ ಆ ಏಳು ಬಾಗಿಲುಗಳೂ ಇರಲಿಲ್ಲ. ಅದಕ್ಕಾಗಿಯೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ತಾನೇ ಸೂರು ಕಟ್ಟಲು ಹೊರಟಿತು. ಗುಬ್ಬಿ ತೋಟದಪ್ಪನವರ ದಾನದಿಂದ ರೈಲ್ವೆ ನಿಲ್ದಾಣದ ಬಳಿ ಛತ್ರ ಎದ್ದಿತು, ವಿದ್ಯಾರ್ಥಿಗಳಿಗೆ ಆಸರೆ ದೊರೆಯಿತು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ ಹಾಸ್ಟೆಲು ತೆರೆಯಿತು. ಅಸ್ಪೃಶ್ಯರೆಂದು ದೂರವಿಟ್ಟ ಮಕ್ಕಳ ಓದಿಗಾಗಿ ದುಡಿದ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ವಿದ್ಯಾರ್ಥಿನಿಲಯ ಬೆಂಗಳೂರಿನಲ್ಲಿದೆ. ಈ ಉಪಕಾರವನ್ನು ಮರೆಯುವ ಕೃತಘ್ನರು ನಾವಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಹಾಸ್ಟೆಲು ಜಾತಿಗೊಂದಾದ ಕಡೆ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತ ಹುಡುಗರು ಸಂಜೆ ಬೇರೆ ಬೇರೆ ಪಂಕ್ತಿಗೆ ಹೋದರು. ಮುಂದೆ ಅವರೇ ಅಧಿಕಾರಿಗಳಾದಾಗ, ಶಾಸಕರಾದಾಗ, ಆ ಪಂಕ್ತಿಯ ನೆಂಟಸ್ತನ ಕಛೇರಿಯವರೆಗೂ ಬಂತು. ಸೂರಿಲ್ಲದ ಕಾಲದಲ್ಲಿ ಜಾತಿ ಸೂರು ಕೊಟ್ಟಿತು. ಆ ಸಾಲವನ್ನು ಸರ್ಕಾರ ತಾನು ತೀರಿಸಬೇಕಿತ್ತು.

ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಅವರು, ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. ಭೌತಶಾಸ್ತ್ರದ ಅಧ್ಯಾಪಕರಾದರು, ಅಮೆರಿಕದ ಒಹಾಯೊದಲ್ಲಿ ಡಾಕ್ಟರೇಟ್ ಪಡೆದರು, 1972ರಿಂದ 1977ರ ತನಕ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಇಷ್ಟಾದರೂ 2005ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಮನೆ ಎಂದರೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ. ಅವರನ್ನು ಹೊಗಳಿ ಭಾಷಣ ಮಾಡುವವರು ಬಹಳ. ಹೊಸೂರಿನಂಥ ಊರಿನಿಂದ ಇಂದು ಒಬ್ಬ ಹುಡುಗ ಬಂದರೆ ಅದೇ ಬಸವನಗುಡಿಯ ಸುತ್ತ ಅವನು ತಲೆಯಿಡುವುದು ಎಲ್ಲಿ ಎಂದು ಆ ಭಾಷಣಕಾರರನ್ನು ಕೇಳಬೇಕು. ಬಸ್ಸು ಈಗ ಇದೆ, ನಡೆಯಬೇಕಿಲ್ಲ. ಕೋಣೆ ಇಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಇಕ್ಕಟ್ಟಿನದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ್ದರಿಂದ ಮಾಗಡಿ, ಕನಕಪುರದ ಕಡೆಯ ಹುಡುಗಿಯರು ದಿನವೂ ಬಂದು ಹೋಗಿ ಓದುವುದು ಸಾಧ್ಯವಾಗಿದೆ. ದೂರದ ಜಿಲ್ಲೆಯವಳಿಗೆ ಅದು ಆಗದ ಮಾತು. ಅವಳು ಹಾಸ್ಟೆಲಿಗೇ ಬರಬೇಕು, ಬಂದರೆ ಸಂಜೆಯಾಗುತ್ತಲೇ ಗೇಟಿಗೆ ಬೀಗ. ಹುಡುಗರಿಗೆ ರಾತ್ರಿ ತನಕ ತೆರೆದಿರುವ ಗ್ರಂಥಾಲಯ ಹುಡುಗಿಗೆ ಸಂಜೆಯೇ ಮುಚ್ಚಿದಂತೆ. ರಕ್ಷಣೆಯ ಹೆಸರಿನಲ್ಲಿ ಹಾಕಿದ ಈ ಬೀಗದ ವಿರುದ್ಧ 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು 'ಪಿಂಜ್ರಾ ತೋಡ್', ಅಂದರೆ ಪಂಜರ ಮುರಿ ಎಂದು ಬೀದಿಗಿಳಿದರು. ನಮ್ಮಲ್ಲಿ ಆ ಕೂಗು ಅಷ್ಟಾಗಿ ಕೇಳಿಲ್ಲ. ಬೀದಿಗೆ ದೀಪ ಹಾಕಿಸಲಾರದವರು ಹುಡುಗಿಗೆ ಬೀಗ ಹಾಕುತ್ತಾರೆ.

ತೆರಿಗೆಯವರೂ ಸುಮ್ಮನಿರಲಿಲ್ಲ. ಹಾಸ್ಟೆಲು, ಪಿ.ಜಿ.ಗಳು ವಾಸದ ಮನೆಗಳಲ್ಲ, ಆದುದರಿಂದ ಅವುಗಳ ಬಾಡಿಗೆಗೆ ಶೇಕಡ 12 ಜಿ.ಎಸ್.ಟಿ. ಸಲ್ಲತಕ್ಕದ್ದು ಎಂದು 2023ರಲ್ಲಿ ಕರ್ನಾಟಕದ ಮುಂಗಡ ತೀರ್ಪಿನ ಪ್ರಾಧಿಕಾರ ಹೇಳಿತು. ಮಗು ಮಲಗುವ ಜಾಗ ವಾಸದ ಜಾಗವಲ್ಲವಾದರೆ ಇನ್ನೇನು? 2024ರ ಜೂನ್‌ನಲ್ಲಿ ಜಿ.ಎಸ್.ಟಿ. ಮಂಡಳಿ, ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನಗಳ ವಾಸಕ್ಕೆ ವಿನಾಯಿತಿ ಕೊಡಲು ತೀರ್ಮಾನಿಸಿತು. ತಡವಾಗಿಯಾದರೂ ಬುದ್ಧಿ ಬಂತು.

ಹಣ ಎಲ್ಲಿಂದ ತರುವುದು ಎಂಬ ಮಾಮೂಲು ಪ್ರಶ್ನೆ ಬರುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನು ತೆರೆದು ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟಾಗಲೂ ಇದೇ ಪ್ರಶ್ನೆ ಬಂದಿತ್ತು. ತಿಂಗಳ ಕೊನೆಯಲ್ಲಿ ಪಿ.ಜಿ. ಹುಡುಗರೂ ಆ ಸಾಲಿನಲ್ಲಿ ನಿಲ್ಲುತ್ತಾರೆ. ಸರ್ಕಾರ ಮನಸ್ಸು ಮಾಡಿದರೆ ಒಂದು ಊಟ ಕೊಡಬಲ್ಲದು ಎಂದಾದರೆ ಒಂದು ಮಂಚವನ್ನೂ ಕೊಡಬಲ್ಲದು.

ನಾವು ಕೇಳುವುದು ಇಷ್ಟು. ಕಾಲೇಜಿಗೆ ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಮೊದಲೇ ಹಾಸ್ಟೆಲಿನ ಆಯ್ಕೆಪಟ್ಟಿ ಹೊರಬರಲಿ. ಹಣ ಕಟ್ಟಿ ಊರು ಬಿಟ್ಟು ಬಂದ ಮೇಲೆ ಸ್ಥಳವಿಲ್ಲ ಎಂದರೆ ಹುಡುಗ ಏನು ಮಾಡಬೇಕು? ಸ್ಥಳ ಕೊಡಲಾಗದವರಿಗೆ ಕೊಡುವ ಸಹಾಯಧನ ಆಯಾ ಊರಿನ ನಿಜವಾದ ಬಾಡಿಗೆಯನ್ನು ನೋಡಿ ನಿಗದಿಯಾಗಲಿ, ತಿಂಗಳ ಮೊದಲ ವಾರದಲ್ಲಿ ಕೈಸೇರಲಿ. ಇನ್ನು ಮುಂದೆ ಕಟ್ಟುವ ಹಾಸ್ಟೆಲುಗಳಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸೂರಿನ ಕೆಳಗೆ, ಒಂದೇ ಪಂಕ್ತಿಯಲ್ಲಿ ಕೂರಲಿ. ಅವರವರ ಮೀಸಲು ಪಾಲು ಅವರವರಿಗೆ ಇದ್ದೇ ಇರಲಿ. ವಾರಕ್ಕೆರಡು ದಿನವಾದರೂ ಮುದ್ದೆ, ರೊಟ್ಟಿ ಬೇಯಲಿ. ಈ ಸಲದ ದಾಖಲಾತಿಗೆ ಮುನ್ನ ಪ್ರತಿ ತಾಲ್ಲೂಕು ಕಛೇರಿಯ ಮುಂದೆ ಒಂದು ಹಲಗೆ ತೂಗಲಿ, ಅದರ ಮೇಲೆ ಎರಡೇ ಅಂಕಿ: ಬಂದ ಅರ್ಜಿ ಎಷ್ಟು, ಇರುವ ಮಂಚ ಎಷ್ಟು. ನಮ್ಮ ಜಿಲ್ಲೆಯ ಶಾಸಕರು ಆ ಎರಡು ಅಂಕಿಗಳನ್ನು ವಿಧಾನಸಭೆಯಲ್ಲಿ ಎದ್ದುನಿಂತು ಓದಬೇಕೆಂದು ಅವರ ಹೆಸರಿಗೆ ಪತ್ರ ಬರೆಯುವಂತೆ ವಾಚಕರನ್ನು ಕೋರುತ್ತೇವೆ.