ತಾಯಂದಿರಿಲ್ಲದ ವಂಶಾವಳಿ

ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂದದ್ದು 2013ರಲ್ಲಿ. 108 ಅಡಿಯ ಪ್ರತಿಮೆ ನಿಂತದ್ದು 2022ರಲ್ಲಿ. ಅವರ ಪೂರ್ವಿಕರು ಮೊದಲು ನೆಲೆಸಿದರೆನ್ನುವ ಆವತಿ ಅಲ್ಲಿಗೆ ದೂರವೇನಲ್ಲ. ಕಂಚಿಯ ಕಡೆ ಪ್ರಬಲ ನಾಯಕನೊಬ್ಬ ಮನೆಯ ಮಗಳು ದೊಡ್ಡಮ್ಮನನ್ನು ಕೊಡಲೇಬೇಕೆಂದು ಹಟ ಹಿಡಿದಾಗ, ರಣಭೈರೇಗೌಡನೂ ಸೋದರರೂ ಗಾಡಿ ಕಟ್ಟಿಕೊಂಡು ಬಂದರೆಂದು ಐತಿಹ್ಯ. ಒಬ್ಬ ಹುಡುಗಿಗಾಗಿ ಹುಟ್ಟಿದ ನೆಲವನ್ನೇ ಬಿಟ್ಟವರು!

ಆದರೆ ವಂಶಾವಳಿ ನೋಡಿ. ಯಲಹಂಕ ಪ್ರಭುಗಳ ಮೂಲಪುರುಷ ಜಯಗೌಡ, ಅವನ ಮಗ ಗಿಡ್ಡೇಗೌಡ, ಅವನ ಮಗ ಕೆಂಪನಂಜೇಗೌಡ, ಅವನ ಮಗನೇ 1537ರಲ್ಲಿ ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡ. ತಾಯಿ ಲಿಂಗಾಂಬೆಯ ಹೆಸರು ಸೇರಿಸಿದರೆ ಸಾಮಾನ್ಯವಾಗಿ ಹೇಳುವ ಪಟ್ಟಿ ಮುಗಿಯಿತು. ತಂದೆತಾಯಿ 2, ಅಜ್ಜ ಅಜ್ಜಿಯರು 4, ಮುತ್ತಜ್ಜ ಮುತ್ತಜ್ಜಿಯರು 8. ಒಟ್ಟು 14 ಮಂದಿಯಲ್ಲಿ ಹೆಸರಿರುವುದು ನಾಲ್ವರಿಗೆ. ಉಳಿದ ಹತ್ತು ಮಂದಿಯಲ್ಲಿ ಆರು ಹೆಂಗಸರು. ಮನುಷ್ಯನ 46 ವರ್ಣತಂತುಗಳಲ್ಲಿ 23 ತಾಯಿಯಿಂದ ಬರುತ್ತವೆಂಬುದು ಹೈಸ್ಕೂಲು ಮಕ್ಕಳಿಗೂ ಗೊತ್ತು.

ಈ 14 ಕೂಡ ಎಲ್ಲ ಮನೆಗಳಿಗೂ ಹೊಂದುವ ಲೆಕ್ಕವಲ್ಲ. ಕನ್ನಡನಾಡಿನ ಅನೇಕ ಮನೆತನಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ವಾಡಿಕೆಯಿದೆ. ಆಗ ಹುಟ್ಟುವ ಮಗುವಿಗೆ ಒಬ್ಬನೇ ಮನುಷ್ಯ ಅಜ್ಜನೂ ಹೌದು, ಮುತ್ತಜ್ಜನೂ ಹೌದು. ಯುರೋಪಿನ ಅರಮನೆಗಳಲ್ಲೂ ಇದು ನಡೆದಿದೆ. ಪವಿತ್ರ ರೋಮನ್ ಚಕ್ರವರ್ತಿ ಒಂದನೇ ಲಿಯೋಪೋಲ್ಡ್ 1666ರಲ್ಲಿ ವರಿಸಿದ ಸ್ಪೇನಿನ ಮಾರ್ಗರೀಟಾ ತೆರೇಸಾ ಅವನ ಒಡಹುಟ್ಟಿದ ಅಕ್ಕನ ಮಗಳು. ಆ ಅಕ್ಕನೂ ಸೋದರಮಾವನನ್ನೇ ಮದುವೆಯಾದವಳು! ಲಿಯೋಪೋಲ್ಡ್ ದಂಪತಿಗೆ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಬದುಕಿ ಬೆಳೆದದ್ದು ಒಂದೇ ಹೆಣ್ಣುಮಗು. ಮಾರ್ಗರೀಟಾ 1673ರಲ್ಲಿ, 21ನೇ ವಯಸ್ಸಿಗೇ ತೀರಿಕೊಂಡಳು.

ಆ ಕಾಲದಲ್ಲಿ ಶಿಶುಮರಣ ಎಲ್ಲೆಡೆ ಇತ್ತು. ಎಲ್ಲವನ್ನೂ ರಕ್ತಸಂಬಂಧದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಒಂದೇ ದೋಷವುಳ್ಳ ಜೀನ್ ತಂದೆಯಿಂದಲೂ ತಾಯಿಯಿಂದಲೂ ಮಗುವಿಗೆ ಬಂದು ಸೇರುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು. ಇಷ್ಟೆಲ್ಲ ಬಿಡಿಸಿ ನೋಡಲು ಸಾಧ್ಯವಾಗುವುದು ಆ ರಾಜಮನೆತನಗಳವರು ತಾಯಂದಿರ ಹೆಸರನ್ನೂ ಬರೆದಿಟ್ಟದ್ದರಿಂದ. ಗಂಡಸರ ಹೆಸರಷ್ಟೇ ಇರುವ ಪಟ್ಟಿಯಲ್ಲಿ ಸೊಸೆಯಾಗಿ ಬಂದವಳು ಅದೇ ಮನೆಯ ಮೊಮ್ಮಗಳೆಂಬುದು ಕಾಣುವುದೇ ಇಲ್ಲ.

ಬಸುರಿಯನ್ನು ಪರೀಕ್ಷಿಸುವ ಡಾಕ್ಟರು ‘ಸಂಬಂಧದಲ್ಲೇ ಮದುವೆಯಾದದ್ದಾ?’ ಎಂದು ಕೇಳಿ ಬರೆದುಕೊಳ್ಳುವುದು ಇದಕ್ಕೇ. ಹುಡುಗಿಯ ಅಮ್ಮ ಯಾರ ಮಗಳು, ಅತ್ತೆಯ ಅಮ್ಮ ಯಾರ ಮಗಳು ಎಂಬುದು ಬಹುಮಟ್ಟಿಗೆ ಜೊತೆಯಲ್ಲಿ ಬಂದ ಅಜ್ಜಿಗೇ ಗೊತ್ತಿರುತ್ತದೆ.