ಬಚ್ಚಲ ಒಲೆಯನ್ನು ಕೆಡವುವ ಮುನ್ನ

ಕಾರ್ತಿಕದ ಒಂದು ಬೆಳಗ್ಗೆ ಪಕ್ಕದ ಮನೆಯ ಹಿತ್ತಿಲಿನಿಂದ ಹಾರೆಯ ಸದ್ದು ಕೇಳಿಸಿತು. ಹೋಗಿ ನೋಡಿದರೆ ಬಚ್ಚಲ ಒಲೆಯ ಬಾಯಿಯ ಕಲ್ಲು ಆಗಲೇ ಕಿತ್ತು ಬಿದ್ದಿತ್ತು.

“ಏನತ್ತೆ, ಒಲೆಯನ್ನೇ ಕೀಳಿಸುತ್ತಿದ್ದೀರಲ್ಲ?” ಎಂದೆ.

“ಮತ್ತೇನು ಮಾಡುವುದು ತಮ್ಮಾ? ಎರಡು ವರ್ಷದಿಂದ ಹೊಗೆಯೆಲ್ಲ ನನ್ನ ಮುಖಕ್ಕೇ. ಎಷ್ಟು ಕಟ್ಟಿಗೆ ತುರುಕಿದರೂ ಹಂಡೆಯ ನೀರು ಬಿಸಿಯಾಗುವುದಿಲ್ಲ. ಮಗ ಗೀಸರ್ ತಂದಿದ್ದಾನೆ, ಇದರ ಋಣ ತೀರಿತು.”

ಅರ್ಧ ಗಂಟೆ ಹಾರೆ ನಿಲ್ಲಿಸಿ ಎಂದು ಕೇಳಿಕೊಂಡು ದೇವರ ಕೋಣೆಯಿಂದ ಒಂದು ಊದುಬತ್ತಿ ತರಿಸಿದೆ. ಹಚ್ಚಿ ಒಲೆಯ ಬಾಯಿಯಲ್ಲಿ ಹಿಡಿದಾಗ ಹೊಗೆ ಒಳಕ್ಕೆ ಎಳೆದುಕೊಳ್ಳಬೇಕಾದದ್ದು ನೆಟ್ಟಗೆ ನಮ್ಮತ್ತ ತಿರುಗಿತು. ಹೊಗೆಕೊಳವೆಯ ಬುಡ ಬಿಚ್ಚಿದೆವು. ಮೊರದ ತುಂಬ ಮಸಿ, ಅದರ ಜೊತೆಗೆ ಯಾವುದೋ ಹಕ್ಕಿ ಬಿಟ್ಟುಹೋದ ಗೂಡು. ಹಂಡೆಯನ್ನು ಎತ್ತಿದರೆ ಅದನ್ನು ಹೊತ್ತಿದ್ದ ಮೂರು ಕಲ್ಲುಗಳಲ್ಲಿ ಹಿಂದಿನದು ಕುಸಿದಿತ್ತು. ಹಂಡೆ ಹಿಂದಕ್ಕೆ ವಾಲಿ ಹೊಗೆಗಂಡಿಯ ಮುಕ್ಕಾಲು ಭಾಗವನ್ನು ತನ್ನ ಹೊಟ್ಟೆಯಿಂದಲೇ ಮುಚ್ಚಿಬಿಟ್ಟಿತ್ತು. ಎರಡು ವರ್ಷ ಆ ತಾಯಿಯ ಕಣ್ಣಿಗೆ ತುಂಬಿದ ಹೊಗೆಗೆ ಕಾರಣ ಇಷ್ಟೇ. ನೀರು ತುಂಬುವ ಹಬ್ಬದ ದಿನ ಅದೇ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಹೊಳೆಯುವಂತೆ ತಿಕ್ಕಿ, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಕಟ್ಟಿ ಪೂಜಿಸಿದ್ದರು. ಅದರ ಕೆಳಗೆ ಬಗ್ಗಿ ನೋಡಿದವರು ಮಾತ್ರ ಯಾರೂ ಇಲ್ಲ. ನಮ್ಮ ಮನೆಯಲ್ಲೂ ಹಾಗೆಯೇ ನಡೆದಿತ್ತು, ಆ ಮಾತು ಮುಂದೆ ಬರುತ್ತದೆ.

ಗೀಸರ್ ತಂದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಹೊಗೆ ಕುಡಿದು ಬದುಕಬೇಕೆಂದು ಯಾರಿಗೂ ಉಪದೇಶಿಸುವ ಹಕ್ಕು ಪರಿಸರದ ಮಾತಾಡುವವರಿಗಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದರೆ ಆಷಾಢದ ಗಾಳಿಗೆ ಮರ ಬಿದ್ದು ಮೂರು ದಿನ ವಿದ್ಯುತ್ ಇಲ್ಲದಾಗ ಘಟ್ಟದ ಮನೆಗಳಲ್ಲಿ ಏನಾಗುತ್ತದೆ? ಸೂರ್ಯನೇ ಕಾಣದ ಆ ದಿನಗಳಲ್ಲಿ ಸೌರ ಹೀಟರು ಕೂಡ ಕೈಕೊಡುತ್ತದೆ. ಆಗ ಕೆಡವಿದ ಒಲೆಯ ಜಾಗದಲ್ಲೇ ಮೂರು ಕಲ್ಲು ಇಟ್ಟು ಹಸಿ ಕಟ್ಟಿಗೆಯನ್ನು ಉರಿಸುತ್ತೇವೆ. ಅದಕ್ಕೆ ಹೊಗೆಕೊಳವೆಯೂ ಇಲ್ಲ, ಗೋಡೆಯೂ ಇಲ್ಲ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅಡುಗೆಮನೆಗೆ ಅನಿಲ ಬಂದ ಅನೇಕ ಮನೆಗಳಲ್ಲಿ ಸ್ನಾನದ ನೀರು ಇನ್ನೂ ಸೌದೆಯಲ್ಲೇ ಕಾಯುತ್ತಿದೆ. ಆದ್ದರಿಂದ ಈ ಒಲೆಯನ್ನು ಹಳೆಯ ಕಾಲದ ಅವಶೇಷವೆಂದು ಬಗೆದು ಕಡೆಗಣಿಸುವುದು ಜಾಣತನವಲ್ಲ. ಅದು ಇರುವಷ್ಟು ದಿನ ಸರಿಯಾಗಿರಬೇಕು.

ವಿದ್ಯಾರ್ಥಿ ಗೆಳೆಯರು ಒಂದು ಲೆಕ್ಕ ಹಾಕಿ ನೋಡಬೇಕು. ನೂರು ಲೀಟರಿನ ಹಂಡೆಯ ನೀರು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಲು 4,000 ಕಿಲೋ ಕ್ಯಾಲರಿ ಶಾಖ ಸಾಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 3,500 ಕಿಲೋ ಕ್ಯಾಲರಿ ಇರುತ್ತದೆ. ಅಂದರೆ ಶಾಖವೆಲ್ಲ ನೀರಿಗೇ ಸೇರಿದರೆ ಒಂದು ಕಿಲೋಕ್ಕಿಂತ ತುಸು ಹೆಚ್ಚು ಸೌದೆ ಸಾಕು! ಹಾಗೆ ಎಲ್ಲಿಯೂ ಆಗುವುದಿಲ್ಲ. ಶೇಕಡ 10ರಷ್ಟು ಶಾಖ ಮಾತ್ರ ನೀರಿಗೆ ಹೋಗುವ ಕೆಟ್ಟ ಒಲೆಗೆ ಹನ್ನೊಂದು ಕಿಲೋಕ್ಕೂ ಮಿಕ್ಕಿ ಬೇಕು. ಶೇಕಡ 30 ಹೋಗುವ ಒಲೆಗೆ ನಾಲ್ಕು ಕಿಲೋ ಸಾಕು. ದಿನವೂ ಒಂದು ಹಂಡೆ ಕಾಯಿಸುವ ಮನೆಯಲ್ಲಿ ಈ ವ್ಯತ್ಯಾಸವೇ ವರ್ಷಕ್ಕೆ ಎರಡೂಮುಕ್ಕಾಲು ಟನ್ನಿನಷ್ಟಾಗುತ್ತದೆ. ಅಷ್ಟೂ ಸೌದೆ ಸೊಪ್ಪಿನ ಬೆಟ್ಟದಿಂದಲೋ ಕಾನಿನಿಂದಲೋ ಯಾರದೋ ತಲೆಯ ಮೇಲೆ ಬರಬೇಕು. ಆ ತಲೆ ಯಾರದೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ.

ಇನ್ನು ಒಲೆಯ ರೋಗ ಹುಡುಕುವ ವಿಚಾರ. ಒಲೆ ಸರಿಯಿಲ್ಲ ಎನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಸೌದೆಯ ಬಗ್ಗೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಆ ನೀರನ್ನು ಆವಿಯಾಗಿಸಲು ಶಾಖ ವ್ಯಯವಾಗುವುದು ನಿಜ, ಆದರೆ ದೊಡ್ಡ ನಷ್ಟ ಅದಲ್ಲ. ಹಸಿ ಸೌದೆಯ ಬೆಂಕಿ ತಣ್ಣಗಿರುತ್ತದೆ. ಮರದಿಂದ ಹೊರಟ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ. ಹೊಗೆ ಎಂದರೆ ಉರಿಯಬೇಕಾಗಿದ್ದು ಉರಿಯದೇ ಉಳಿದ ಸೌದೆ. ಅದು ಕೊಳವೆಯ ತಂಪು ಗೋಡೆಗೆ ತಾಗಿ ಡಾಂಬರಿನಂಥ ಅಂಟಾಗಿ ಕೂರುತ್ತದೆ. ಆ ಅಂಟಿಗೆ ಒಂದು ದಿನ ಕಿಡಿ ಹೊತ್ತಿದರೆ ಕೊಳವೆಯೇ ಧಗಧಗಿಸುತ್ತದೆ. ಸೋಗೆಯ ಮಾಡಿನ ಬಚ್ಚಲಾಗಿದ್ದರೆ ಮುಂದಿನದನ್ನು ಊಹಿಸಿಕೊಳ್ಳಬಹುದು. ಎರಡು ತುಂಡುಗಳನ್ನು ಪರಸ್ಪರ ಬಡಿದಾಗ ಟಣ್ ಎಂದು ಸದ್ದು ಬಂದರೆ ಒಣಗಿದೆ, ದಪ್ ಎಂದರೆ ಇಲ್ಲ. ಉರಿಯುವಾಗ ತುದಿಯಲ್ಲಿ ನೊರೆ ಬಂದರೆ ಆ ಕಂತೆಯನ್ನು ಮರಳಿ ಕಟ್ಟಿಗೆಮನೆಗೆ ಒಯ್ಯಬೇಕು. ಅಡಿಕೆ ಹಾಳೆ, ತೆಂಗಿನ ಗರಿ, ಅಡಿಕೆ ಸಿಪ್ಪೆ ಇವೆಲ್ಲ ತೋಟದಲ್ಲೇ ಸಿಗುವಾಗ ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಕೊಟ್ಟೆ ಸುಡುವ ಹೊಸ ಚಾಳಿ ಎಲ್ಲಿಂದ ಬಂತೋ ಕಾಣೆ.

ಸೌದೆ ಒಣಗಿದ್ದೂ ಹೊಗೆ ಹಿಂದಿರುಗುತ್ತದೆ ಎಂದಾದರೆ ಗಾಳಿಯ ದಾರಿಯನ್ನು ಹುಡುಕಬೇಕು. ಒಲೆಯ ಬಾಯಿಯಿಂದ ಕೊಳವೆಯ ತುದಿಯವರೆಗೆ ಗಾಳಿಗೆ ಒಂದೇ ದಾರಿ ಇರಬೇಕು. ಕೊಳವೆಯೊಳಗಿನ ಬಿಸಿ ಗಾಳಿ ಹಗುರವಾಗಿ ಮೇಲೇರುತ್ತದೆ, ಅದರ ಸೆಳೆತಕ್ಕೆ ಹೊಸ ಗಾಳಿ ಕೆಳಗಿನಿಂದ ಒಳಬರುತ್ತದೆ. ಕೊಳವೆ ಕಟ್ಟಿದ್ದರೆ, ಜಾಲರಿಯ ಕೆಳಗಿನ ಬೂದಿಗುಂಡಿ ತುಂಬಿದ್ದರೆ, ಒಲೆಯ ಬಾಯಿಗೆ ದಪ್ಪ ಕುಂಟೆಯನ್ನು ಬಿರಡೆಯಂತೆ ತುರುಕಿದ್ದರೆ ಆ ದಾರಿ ಮುಚ್ಚಿದಂತೆಯೇ. ಮಣಿಕಟ್ಟಿನ ದಪ್ಪಕ್ಕೆ ಸೀಳಿದ ಸೌದೆ, ಅದೂ ಬಾಯಿಯ ಅರ್ಧ ಮಾತ್ರ. ಉಳಿದರ್ಧ ಗಾಳಿಯ ಪಾಲು. ಇದಕ್ಕೆ ವ್ಯತಿರಿಕ್ತವಾದ ದೋಷ ಇನ್ನೊಂದಿದೆ, ಮತ್ತು ಅದು ಕಣ್ಣಿಗೆ ಬೀಳುವುದಿಲ್ಲ. ಹಂಡೆಯ ಕಂಠಕ್ಕೂ ಒಲೆಯ ಕಟ್ಟೆಗೂ ನಡುವೆ ಬಿರುಕು ಬಿಟ್ಟಿದ್ದರೆ ಅಲ್ಲಿಂದ ತಣ್ಣನೆಯ ಗಾಳಿ ಒಳನುಗ್ಗಿ ಕೊಳವೆಯನ್ನು ತಂಪುಮಾಡುತ್ತದೆ, ಸೆಳೆತ ಸೊರಗುತ್ತದೆ. ಇದನ್ನು ಪತ್ತೆಹಚ್ಚಲು ರಾತ್ರಿ ಒಲೆ ತಣಿದ ಮೇಲೆ ಒಳಗೊಂದು ಟಾರ್ಚ್ ಇಟ್ಟು ಬಚ್ಚಲಿನ ದೀಪ ಆರಿಸಿ. ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೆಲ್ಲ ಮೆತ್ತಬೇಕು. ಮಳೆಗಾಲದ ಬೆಳಗಿನಲ್ಲಿ ಮಾತ್ರ ಹೊಗೆ ಮರಳುತ್ತಿದ್ದರೆ ಅದು ರೋಗವಲ್ಲ, ಕೊಳವೆ ಥಂಡಿ ಹಿಡಿದಿರುತ್ತದೆ ಅಷ್ಟೇ. ಒಂದು ಹಿಡಿ ಒಣ ಗರಿಯನ್ನು ಹೊಗೆಗಂಡಿಯ ಹತ್ತಿರ ಉರಿಸಿ ಆಮೇಲೆ ಸೌದೆ ಇಟ್ಟರಾಯಿತು.

ಹೊಗೆಯೂ ಇಲ್ಲ, ಬೆಂಕಿಯೂ ಜೋರಾಗಿದೆ, ನೀರು ಮಾತ್ರ ಕಾಯುವುದಿಲ್ಲ ಎಂಬ ದೂರೂ ಉಂಟು. ಅಲ್ಲಿ ಜ್ವಾಲೆ ಹಂಡೆಯನ್ನು ಸುತ್ತದೆ ನೇರವಾಗಿ ಕೊಳವೆಗೆ ಓಡುತ್ತಿರುತ್ತದೆ. ಹಂಡೆಗೂ ಒಲೆಯ ಗೋಡೆಗೂ ನಡುವೆ ಬಿಸಿಗಾಳಿ ಒತ್ತಿಕೊಂಡು ಹೋಗುವಷ್ಟೇ ಸಂದು ಬೇಕು. ನಮ್ಮ ಮನೆಯದರಲ್ಲಿ ಎರಡು ಬೆರಳಿನಷ್ಟು ಇಟ್ಟಿದ್ದೇನೆ. ಹಂಡೆಯ ತಳದ ಮಸಿಯ ಪದರವನ್ನೂ ಆಗಾಗ ಕೆರೆಯಬೇಕು, ತಾಮ್ರ ಶಾಖವನ್ನು ಒಯ್ದಂತೆ ಮಸಿ ಒಯ್ಯುವುದಿಲ್ಲ. ಅಂದಹಾಗೆ, ಖಾಲಿ ಹಂಡೆಯ ಕೆಳಗೆ ಬೆಂಕಿ ಹಾಕಬಾರದೆಂದು ಅಜ್ಜಿಯರು ಹೇಳುತ್ತಿದ್ದುದು ಬರಿಯ ಶಾಸ್ತ್ರವಲ್ಲ. ನೀರಿರುವವರೆಗೆ ಲೋಹ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರಿಲ್ಲದಾಗ ಅದು ಎಲ್ಲಿಗೋ ಏರುತ್ತದೆ. ಬೆಸುಗೆಯ ತವರ ಕರಗುವುದು 232 ಡಿಗ್ರಿಯಲ್ಲಿ.

ಈಗ ನನ್ನ ಪೆದ್ದುತನದ ಕಥೆ. ಕೆಲವು ವರ್ಷಗಳ ಹಿಂದೆ ನಮ್ಮ ಒಲೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿದೆ. ‘ಗಟ್ಟಿ ಕೆಲಸ’ ಎಂದು ಹೆಮ್ಮೆಯಿಂದ ನೋಡಿದ್ದೂ ಉಂಟು. ಹದಿನೈದು ದಿನದಲ್ಲಿ ಹಪ್ಪಳದಂತೆ ಎದ್ದು ಉದುರಿತು, ಜೊತೆಗೆ ಹಳೆಯ ಮಣ್ಣನ್ನೂ ಕಿತ್ತುಕೊಂಡು ಬಂತು. ಕಾರಣ ಆಮೇಲೆ ತಿಳಿಯಿತು. ಗಟ್ಟಿಯಾದ ಸಿಮೆಂಟಿನ ಬಿಗಿ ಇರುವುದು ಅದು ಹಿಡಿದಿಟ್ಟುಕೊಂಡ ನೀರಿನಲ್ಲಿ. ನಾನೂರು ಐನೂರು ಡಿಗ್ರಿ ದಾಟಿದರೆ ಆ ಬಂಧ ಬಿಡುತ್ತದೆ, ತಣಿದಾಗ ತೇವ ಹೀರಿ ಉಬ್ಬಿ ಒಡೆಯುತ್ತದೆ. ಬೆಂಕಿಗೂಡಿನ ಶಾಖ ಅದಕ್ಕಿಂತ ಹೆಚ್ಚು. ಮಣ್ಣಾದರೋ ಸುಟ್ಟಷ್ಟೂ ಇಟ್ಟಿಗೆಯಾಗುತ್ತದೆ. ಮರುವರ್ಷ ಬಿಟ್ಟುಹೋದ ಹುತ್ತದ ಮಣ್ಣನ್ನು ಜರಡಿ ಹಿಡಿದು, ಮರಳು, ಭತ್ತದ ಹೊಟ್ಟು, ಸಗಣಿ ಸೇರಿಸಿ ಎರಡು ದಿನ ಕೊಳೆಯಿಸಿ ಮೆತ್ತಿದೆ. ಬರಿಯ ಜೇಡಿಯಾದರೆ ಒಣಗುವಾಗ ಬಿರಿಯುತ್ತದೆ, ಮರಳು ಅದನ್ನು ತಡೆಯುತ್ತದೆ. ಹೊಟ್ಟು ಸುಟ್ಟುಹೋಗಿ ಬಿಟ್ಟ ಸಣ್ಣ ರಂಧ್ರಗಳು ಶಾಖವನ್ನು ಹಿಡಿದಿಡುತ್ತವೆ. ಹಳೆಯ ಗೋಡೆಗೆ ಮೊದಲು ನೀರು ಚಿಮುಕಿಸದಿದ್ದರೆ ಹೊಸ ಮಣ್ಣು ಕಚ್ಚುವುದಿಲ್ಲ. ಮೆತ್ತಿದ ಮೇಲೆ ವಾರವೊಂದು ನೆರಳಿನಲ್ಲಿ ಒಣಗಲು ಬಿಟ್ಟು, ಮತ್ತೆ ಎರಡು ಮೂರು ದಿನ ಸಣ್ಣ ಉರಿ. ಆತುರಪಟ್ಟು ಮೊದಲ ದಿನವೇ ಕುಂಟೆ ಹಾಕಿದರೆ ಮಾಡಿದ್ದೆಲ್ಲ ಹಾಳು. ಮೇ ತಿಂಗಳಲ್ಲಿ ಮಾಡುವುದು ಉತ್ತಮ, ಮಳೆ ಹಿಡಿದ ಮೇಲೆ ಮಣ್ಣು ಒಣಗುವುದೇ ಇಲ್ಲ. ಬಿಸಿ ಒಲೆಗೆ ತಣ್ಣೀರು ಎರಚಿ ಆರಿಸುವ ಅಭ್ಯಾಸವಿದ್ದವರು ಅದನ್ನೂ ಬಿಡಬೇಕು. ಕೆಂಡವನ್ನು ಎಳೆದು ಹೊರಗೆ ಹಾಕಿದರೆ ಸಾಕು. ಆದರೆ ಕೆಂಡದ ಬಾಂಡಲಿಯನ್ನು ಬಾಗಿಲು ಮುಚ್ಚಿದ ಬಚ್ಚಲಿನೊಳಗೆ ಇಡಬೇಡಿ. ಅದರಿಂದ ಹೊರಡುವ ಇಂಗಾಲದ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇಷ್ಟು ಸರಳವಾದ ಕೆಲಸ ನಮ್ಮ ಕೈತಪ್ಪಿ ಹೋದದ್ದು ಹೇಗೆ? ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಸರ್ಕಾರ ಎಷ್ಟು ಹೊಣೆಯೋ ನಮ್ಮಂಥ ಬಳಗಗಳೂ ಅಷ್ಟೇ ಹೊಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆ ಬಂತು. ಒಳ್ಳೆಯ ಒಲೆ ಅದು, ಜಾಲರಿ, ಕೊಳವೆ, ಅಳತೆ ಎಲ್ಲಕ್ಕೂ ಕಾರಣವಿತ್ತು. 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆಗಳಾದವು. 2002ರಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. ಎಷ್ಟು ಒಲೆ ಕಟ್ಟಿದೆವೆಂದು ಎಣಿಸಿದರು. ಐದು ವರ್ಷದ ಬಳಿಕ ಎಷ್ಟು ಉರಿಯುತ್ತಿವೆ ಎಂಬುದು ಎಣಿಕೆಯ ಪುಸ್ತಕದಲ್ಲಿ ಮುಖ್ಯವಾಗಲಿಲ್ಲ. ಒಲೆ ಕಟ್ಟಲು ತರಬೇತಾದ ಕುಶಲಕರ್ಮಿ ಹೊರಗಿನಿಂದ ಬಂದ, ಕಟ್ಟಿದ, ಹೋದ. ದಿನವೂ ಅದರ ಮುಂದೆ ಕುಳಿತುಕೊಳ್ಳುವ ಹೆಂಗಸಿಗೆ ಕೊಳವೆ ಹೇಗೆ ಬಿಚ್ಚಬೇಕೆಂದು ಯಾರೂ ತೋರಿಸಲಿಲ್ಲ. ಜಾಲರಿ ಕರಗಿದಾಗ ಪೇಟೆಯಲ್ಲಿ ಆ ಅಳತೆಯದು ಸಿಗಲಿಲ್ಲ. ಒಲೆ ಕೆಟ್ಟಿತು, ‘ಸುಧಾರಿತ ಒಲೆ ನಮಗಾಗುವುದಿಲ್ಲ’ ಎಂಬ ಮಾತು ಮಾತ್ರ ಉಳಿಯಿತು.

ಹೊಸ ಒಲೆಯ ಯೋಜನೆ ಇನ್ನೊಂದು ಬರಲೆಂದು ಕಾಯುವುದಕ್ಕಿಂತ ಇರುವ ಒಲೆಯ ದುರಸ್ತಿ ಕಲಿಯುವುದು ನಮಗೆ ಹೆಚ್ಚು ಉಪಯುಕ್ತ. ಅದನ್ನು ಮೊದಲು ಕಲಿಯಬೇಕಾದವರು ಒಲೆ ಉರಿಸುವವರು. ಅಂದಮೇಲೆ ಸ್ನಾನ ಮಾಡಿ ಹೋಗುವ ಗಂಡಸರೂ ಒಂದಿಷ್ಟು ದಿನ ಒಲೆಯ ಮುಂದೆ ಕೂರುವುದು ಒಳ್ಳೆಯದು! ಶಾಲೆಯ ಮಕ್ಕಳಿಗೂ ಇಲ್ಲಿ ಕೆಲಸವಿದೆ. ಒಂದು ಹಂಡೆ ನೀರು ಕಾಯಲು ಎಷ್ಟು ಕಿಲೋ ಸೌದೆ ಬೇಕಾಯಿತೆಂದು ದುರಸ್ತಿಗೆ ಮುಂಚೆ ಒಂದು ವಾರ, ಆಮೇಲೆ ಒಂದು ವಾರ ತೂಗಿ ಗೋಡೆಯ ಪಂಚಾಂಗದ ಮೇಲೆ ಬರೆಯಲಿ. ಪಠ್ಯಪುಸ್ತಕದ ಶಾಖದ ಅಧ್ಯಾಯ ಹಿತ್ತಿಲಲ್ಲೇ ಅರ್ಥವಾಗುತ್ತದೆ.

ಪಕ್ಕದ ಮನೆಯ ಒಲೆ ಉಳಿಯಿತು. ಕುಸಿದ ಕಲ್ಲಿನ ಜಾಗಕ್ಕೆ ಜಂಬಿಟ್ಟಿಗೆಯ ತುಂಡು ಕೂರಿಸಿ ಹಂಡೆಯನ್ನು ನೆಟ್ಟಗೆ ಮಾಡಿದೆವು. ಗೀಸರೂ ಇದೆ, ಕರೆಂಟು ಇದ್ದ ದಿನ ಅದು. ಆದರೆ ಒಂದು ಸಮಸ್ಯೆ ಬಗೆಹರಿದಿಲ್ಲ. ಅವರ ಮನೆಯ ಹಳೆಯ ಹೊಗೆಕೊಳವೆ ಕಲ್ನಾರಿನದು. ಆ ಕಾಲದ ಎಷ್ಟೋ ಒಲೆಗಳಿಗೆ ಅದನ್ನೇ ಹಾಕುತ್ತಿದ್ದರು. ಮೇಲಿನ ತುಂಡು ಬಿರುಕು ಬಿಟ್ಟಿತ್ತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು, ಆದ್ದರಿಂದ ಅದನ್ನು ಗರಗಸದಿಂದ ಕೊಯ್ಯದೆ, ಒಡೆಯದೆ, ನೀರಿನಲ್ಲಿ ತೋಯಿಸಿ ಇಡಿಯಾಗಿಯೇ ಇಳಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಟ್ಟಿದೆವು. ಇದನ್ನು ಎಲ್ಲಿಗೆ ಒಪ್ಪಿಸಬೇಕೆಂದು ಕಚೇರಿಯೊಂದರಲ್ಲಿ ಕೇಳಿದಾಗ ಅಲ್ಲಿದ್ದವರು ನಮ್ಮನ್ನೇ ವಿಚಿತ್ರವಾಗಿ ನೋಡಿ, “ಹಳ್ಳಕ್ಕೆ ಎಸೆಯಿರಿ” ಎಂದರು. ಆ ಹಳ್ಳದ ನೀರನ್ನೇ ಕೆಳಗಿನ ಕೇರಿಯವರು ಕುಡಿಯುವುದು. ಕೊಳವೆ ಇನ್ನೂ ಕೊಟ್ಟಿಗೆಯ ಹಿಂದೆ ಸುತ್ತಿದಂತೆಯೇ ಬಿದ್ದಿದೆ.