ಭ್ರಮೆಯ ಮರೆಯಲ್ಲಿ ಹಸಿವು

ಜರ್ಮನಿಯ ನಿರ್ದೇಶಕ ಮುರ್ನಾವ್ ಅವರ ‘ನೊಸ್ಫೆರಾಟು’ ಚಿತ್ರವನ್ನು ಲೋಕವೆಲ್ಲ ಬಲ್ಲದು. ಅದೇ 1922ರಲ್ಲಿ ತೆರೆಕಂಡ ಅವರ ‘ಫ್ಯಾಂಟಮ್’ ಎಂಬ ಮೂಕಿ ಚಿತ್ರವನ್ನು ಬಲ್ಲವರು ಕಡಿಮೆ. ದುರಸ್ತಿಗೊಂಡ ಅದರ ಪ್ರತಿಯನ್ನು ನಾವು ಬಹಳ ಆಸೆಯಿಂದ ನೋಡಿದೆವು. ಆಸೆಗೆ ಕಾರಣವಿತ್ತು. ಮೂಲ ಕಾದಂಬರಿ ಗೆರ್ಹಾರ್ಟ್ ಹೌಪ್ಟ್‌ಮನ್ ಅವರದು. ಸೈಲೀಸಿಯದ ನೇಕಾರರ 1844ರ ದಂಗೆಯನ್ನು ರಂಗಕ್ಕೆ ತಂದ ನಾಟಕಕಾರರು ಅವರೇ. ಕಥಾನಾಯಕ ಲೊರೆನ್ಸ್ ಲುಬೋಟನೋ ಬಡ ಗುಮಾಸ್ತೆ. ಬಡವರ ಬಾಳು ಪರದೆಯ ಮೇಲೆ ಬಂದೀತೆಂದು ನಂಬಿ ಕುಳಿತ ನಮಗೆ ನಿರಾಶೆಯೇ ಗತಿಯಾಯಿತು.

ಬಿಳಿ ಕುದುರೆಗಳ ಸಾರೋಟೊಂದು ಲೊರೆನ್ಸನನ್ನು ಬೀದಿಯಲ್ಲಿ ಕೆಡವುತ್ತದೆ. ಅದನ್ನು ಹೊಡೆಯುತ್ತಿದ್ದ ಸಿರಿವಂತರ ಮಗಳು ಅವನ ತಲೆಯೊಳಗೆ ಕುಳಿತುಬಿಡುತ್ತಾಳೆ. ಅವಳನ್ನೇ ಹೋಲುವ ಇನ್ನೊಬ್ಬಳಿಗಾಗಿ, ಗಿರವಿ ಅಂಗಡಿ ನಡೆಸುವ ಬಂಧುವಿನಿಂದ ಸಾಲ ತಂದು ಸುರಿಯುತ್ತಾನೆ. ಮುಂದೆ ಕಳವು, ಆ ಬಂಧುವಿನ ಕೊಲೆ, ಸೆರೆಮನೆ. ಹೊರಬಂದಾಗ, ಅಷ್ಟು ಕಾಲವೂ ಕಾದಿದ್ದ ಸಾಧ್ವಿಯೊಬ್ಬಳು ಕೈಹಿಡಿಯುತ್ತಾಳೆ. ಅಲ್ಲಿಗೆ ಎಲ್ಲವೂ ಸುಖಾಂತ!

ಕ್ಯಾಮೆರಾದ ಕೈಚಳಕ ಸಾಮಾನ್ಯವಲ್ಲ. ಬೀದಿಯ ಮನೆಗಳೇ ಬಾಗಿ ಲೊರೆನ್ಸನ ಮೇಲೆ ಬೀಳಬಂದಂತೆ ಕಾಣುವ ದೃಶ್ಯವನ್ನು ಮೆಚ್ಚದಿರಲಾರೆವು. ಆದರೆ ಆ ಮನೆಗಳ ಒಳಗೆ ಬಾಡಿಗೆ ತೆರಲಾರದೆ ಬಾಳುವವರು ಯಾರೆಂದು ಚಿತ್ರ ಇಣಿಕಿಯೂ ನೋಡುವುದಿಲ್ಲ. ತಾಯಿಯ ಬಡತನ ಇರುವುದು ಮಗನ ತಪ್ಪನ್ನು ದೊಡ್ಡದು ಮಾಡುವುದಕ್ಕೆ ಮಾತ್ರ.

ಚಿತ್ರ ತೆರೆಕಂಡದ್ದು ನವೆಂಬರಿನಲ್ಲಿ. ಆ ವರ್ಷದ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 200 ಮಾರ್ಕ್ ಇದ್ದದ್ದು ಆ ಹೊತ್ತಿಗೆ ಸುಮಾರು 7000ಕ್ಕೆ ಏರಿತ್ತು. ಗುಮಾಸ್ತೆಯ ಸಂಬಳ, ಮುದುಕಿಯ ಉಳಿತಾಯ ಕಣ್ಣೆದುರೇ ಕರಗುತ್ತಿದ್ದವು. ಜರ್ಮನಿಯನ್ನು ಹಿಡಿದಿದ್ದ ನಿಜವಾದ ಭೂತ ಅದು. ಪರದೆಯ ಮೇಲೆ ಅದರ ನೆರಳೂ ಇಲ್ಲ.

ಇದು ಮನಸ್ಸಿನ ಕಥೆ, ಮಾರುಕಟ್ಟೆಯದಲ್ಲ ಎಂದು ವಾದಿಸುವವರುಂಟು. ಅವರು ಪಾಬ್ಸ್ಟ್ ಅವರ 1925ರ ‘ಸಂತಸವಿಲ್ಲದ ಬೀದಿ’ಯನ್ನು ನೋಡಲಿ. ಅಲ್ಲಿಯೂ ಮೋಹವಿದೆ, ಕೊಲೆಯಿದೆ. ಆದರೆ ವಿಯೆನ್ನಾದ ಕಟುಕನ ಅಂಗಡಿಯ ಮುಂದೆ ಇರುಳೆಲ್ಲ ಸಾಲುನಿಂತ ಹೆಂಗಸರೂ ಇದ್ದಾರೆ. ಮಾನ ಬಿಕರಿಯಾಗುವುದು ಏಕೆಂದು ನೋಡುವವನಿಗೆ ತಿಳಿಯುತ್ತದೆ.

ಬಡವನು ಕೆಟ್ಟದ್ದು ತನ್ನ ಹುಚ್ಚಿನಿಂದಲೇ ಎಂದು ಒಪ್ಪಿಬಿಟ್ಟರೆ ಅವನಿಗೆ ಕ್ಷಮೆ ಸಾಕು, ಕೂಲಿ ಬೇಡ ಎಂದಾಗುತ್ತದೆ. ಉಳ್ಳವರಿಗೆ ಇದಕ್ಕಿಂತ ಅಗ್ಗದ ನ್ಯಾಯ ಇನ್ನಾವುದು? ಕಲೆ ಎಷ್ಟೇ ಸೊಗಸಾಗಿರಲಿ, ಈ ನ್ಯಾಯಕ್ಕೆ ನಾವು ತಲೆದೂಗಲಾರೆವು.